ಪಟ್ಟಾಭಿಯ ಖಾಲಿ ಹಲಗೆ

"ಇವತ್ತು ಏನಪ್ಪಾ ಬರೀಲಿ?"

ಪಕ್ಕದ ಮನೆಯ ಮುಕುಂದಪ್ಪ ದಿನಾ ಬೆಳಿಗ್ಗೆ ಬಾಗಿಲಾಚೆ ನಿಂತು ಈ ಪ್ರಶ್ನೆ ಕೇಳುತ್ತಿದ್ದ. ಬಾಯಲ್ಲಿ ಬೇವಿನ ಕಡ್ಡಿ, ಕೈಯಲ್ಲಿ ಬಳಪ, ಎದುರಿಗೆ ಖಾಲಿ ಹಲಗೆ. ದೇವರನ್ನು ಕೇಳುತ್ತಿದ್ದನೆಂದು ಹೇಳಲಾರೆ, ಹೆಂಡತಿಯನ್ನಂತೂ ಅಲ್ಲ. ಸುಮ್ಮನೆ ಗಾಳಿಗೆ ಬಿಡುತ್ತಿದ್ದ. ನಾನು ಒಳಗೆ ದೀಪ ಹಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಕೇಳಿಸಿಕೊಳ್ಳುವುದು ನನ್ನ ಕೆಲಸ. ಕೊಡೆ ರಿಪೇರಿ ಹೊಟ್ಟೆಪಾಡಿಗೆ.

ನಮ್ಮೂರಿನಲ್ಲಿ ಮನೆಯಲ್ಲಿ ಎಷ್ಟು ಜನ ದೊಡ್ಡವರೋ ಬಾಗಿಲ ಪಕ್ಕದ ಗೋಡೆಯಲ್ಲಿ ಅಷ್ಟು ಕರೀಕಲ್ಲಿನ ಹಲಗೆಗಳು. ಯಾರೂ ತಂದು ಕೂರಿಸಿದ್ದಲ್ಲ. ಮಗುವಿಗೆ ಹದಿನಾರು ತುಂಬಿದ ದಿನ ಬೆಳಿಗ್ಗೆ ಎದ್ದು ನೋಡಿದರೆ ಗೋಡೆಯಲ್ಲಿ ಒಂದು ಹೊಸ ಹಲಗೆ ಮೂಡಿರುತ್ತದೆ. ಸುಣ್ಣ ಬಳಿಸಿ ವಾರವೂ ಆಗಿಲ್ಲ ಎಂದು ತಾಯಂದಿರು ಗೊಣಗುತ್ತಾರೆ, ಅಷ್ಟೇ. ಅವರವರ ಸಮಾಚಾರವನ್ನು ಅವರವರು ಬರೆಯಬೇಕು. ದಾರಿಯಲ್ಲಿ ಹೋಗುವವರು ಓದಿ, ಇಷ್ಟವಾದರೆ ಹೆಬ್ಬೆರಳಿನಿಂದ ಒಂದು ಅರಿಸಿನದ ಬೊಟ್ಟು ಇಟ್ಟು ಹೋಗುತ್ತಾರೆ. ಕೋಳಿ ಕೂಗುವ ಹೊತ್ತಿಗೆ ಬರಹವೂ ಬೊಟ್ಟೂ ತಾವೇ ಅಳಿಸಿಹೋಗಿ ಹಲಗೆ ಮತ್ತೆ ಖಾಲಿ.

ಹೀಗಾಗಿ ನಮ್ಮೂರಿನವರ ಬಲಗೈ ಹೆಬ್ಬೆರಳು ಸದಾ ಹಳದಿ. ದೋಸೆ ಹುಯ್ದರೆ ಮೊದಲು ಬರೆದು ಆಮೇಲೆ ತಿನ್ನುತ್ತಾರೆ. ಬಿಸಿ ದೋಸೆ ಹೇಗಿರುತ್ತದೆಂದು ಬಹಳ ಜನಕ್ಕೆ ನೆನಪಿಲ್ಲ. ಗಂಡಹೆಂಡತಿ ಜಗಳವಾಡುವುದಿದ್ದರೆ ಸಂತೆಯ ದಿನದವರೆಗೆ ತಡೆದುಕೊಳ್ಳುತ್ತಾರೆ, ಅವತ್ತು ಬೀದಿಯಲ್ಲಿ ಓದುವವರು ಹೆಚ್ಚು. ಮೇಲಿನ ಬೀದಿಯ ಒಬ್ಬರು ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದಾಗ ತೆವಳಿಕೊಂಡು ಬಂದು ಮೊದಲು ಬರೆದರು, ಆಮೇಲೆ ಕೂಗಿಕೊಂಡರು. ನೂರ ಹನ್ನೆರಡು ಬೊಟ್ಟು ಬಿತ್ತು. ಕಾಲು ಇವತ್ತಿಗೂ ಸೊಟ್ಟ.

ನನ್ನ ಹೆಂಡತಿ ತುಂಗಮ್ಮನ ಹಲಗೆಗೆ ನಮ್ಮ ಬೀದಿಯಲ್ಲೇ ಹೆಸರು. ಅವಳು ಬರೆಯುವುದು ಎರಡೇ ಸಾಲು. "ಇವತ್ತು ಹುರುಳಿ ಬಸ್ಸಾರು. ಉಪ್ಪು ಜಾಸ್ತಿಯಾಯಿತು, ನಮ್ಮೆಜಮಾನರಿಗೆ ಗೊತ್ತಾಗಲಿಲ್ಲ." ಐವತ್ತು ಬೊಟ್ಟಿಗೆ ಕಡಿಮೆಯಿಲ್ಲ.

ಇನ್ನು ನನ್ನ ಕೆಲಸದ ಮಾತು. ಕೆರೆಯ ಕಡೆಯ ಮಂಟಪದಲ್ಲಿ ಯದುಗಿರಮ್ಮ ಎಂಬ ಅಜ್ಜಿ ಪ್ರತಿ ಸಂಜೆ ಕಾವ್ಯ ಓದುತ್ತಾರೆ. ಕಣ್ಣಿಗೆ ಪೊರೆ ಬಂದು ಹತ್ತು ವರ್ಷವಾಯಿತು. ಪುಸ್ತಕ ತೊಡೆಯ ಮೇಲಿದ್ದರೂ ಓದುವುದೆಲ್ಲ ನೆನಪಿನಿಂದಲೇ. ಅವರೆದುರು ಒಂದು ಮಣೆ ಇದೆ. ಆ ಮಣೆಯ ಮೇಲೆ ಕೂತು ಪದ್ಯಪದ್ಯಕ್ಕೂ "ಹೂಂ" ಅನ್ನುವವನು ನಾನು. ಹೂಂ ಇಲ್ಲದೆ ಅಜ್ಜಿ ಮುಂದಿನ ಪದ್ಯಕ್ಕೆ ಹೋಗುವುದಿಲ್ಲ. ನಮ್ಮಪ್ಪ ಇದೇ ಮಣೆಯ ಮೇಲೆ ಕೂತು ಹೂಂ ಅಂದವರು. ನಾನು ಅವರ ತೊಡೆಯ ಮೇಲೆ ಕೂತು ಕಲಿತವನು. ಯುದ್ಧಕ್ಕೆ ಒಂದು ಹೂಂ, ಮದುವೆಗೆ ಒಂದು, ಅಳುವಿಗೆ ಇನ್ನೊಂದು. ಅಳುವಿನ ಹೂಂ ಮೂಗಿನಲ್ಲೇ ಉಳಿಯಬೇಕು, ಬಾಯಿಗೆ ಬರಬಾರದು. ಬೇರೆ ಜಪತಪ ನನಗೆ ಬರುವುದಿಲ್ಲ. ಇದನ್ನೇ ದೇವರು ಲೆಕ್ಕಕ್ಕೆ ಹಿಡಿದುಕೊಳ್ಳಲಿ ಎಂದುಕೊಂಡಿದ್ದೇನೆ.

ಆಗ ಓದುತ್ತಿದ್ದದ್ದು ದಾರಿ ತಪ್ಪಿದ ದೊರೆಯ ಮತ್ತು ಅವನ ಮುದಿ ಆನೆಯ ಕಥೆ. ಅಜ್ಜಿ ಅದನ್ನು ಹನ್ನೆರಡು ವರ್ಷಕ್ಕೊಮ್ಮೆ ಮಾತ್ರ ಎತ್ತಿಕೊಳ್ಳುತ್ತಾರೆ. "ಇದು ನನ್ನ ಕಡೇ ಓದು, ಪಟ್ಟಾಭಿ. ಕಿವಿ ನೆಟ್ಟಗಿಟ್ಟುಕೊಂಡು ಕೂತ್ಕೋ" ಎಂದು ಮೊದಲ ದಿನವೇ ಹೇಳಿದ್ದರು. ಅವರಿಗೆ ಎಂಬತ್ತಾರು. ಈ ಸಲ ತಪ್ಪಿದರೆ ನನಗೆ ಅದು ಮತ್ತೆ ಸಿಗುವುದಿಲ್ಲ.

ಆನೆ ಕೆಸರಿನಲ್ಲಿ ಹೂತುಹೋಗುವ ಸಂಧಿ ಬಂತು. ಸೊಂಡಿಲು ಮಾತ್ರ ಮೇಲಿದೆ, ದೊರೆ ಅದನ್ನು ಹಿಡಿದುಕೊಂಡು ಕೂತಿದ್ದಾನೆ. ಅಜ್ಜಿಯ ಧ್ವನಿ ಇಳಿಯಿತು. ನಾನು ಏನು ಮಾಡುತ್ತಿದ್ದೆ ಗೊತ್ತೇ? ಇದನ್ನು ನಾಳೆ ಹಲಗೆಯ ಮೇಲೆ ಹೇಗೆ ಬರೆಯಲಿ ಎಂದು ಯೋಚಿಸುತ್ತಿದ್ದೆ. "ಆನೆಯ ಸಾವು ಕೇಳಿದೆ. ಕಣ್ಣೀರು ನಿಲ್ಲಲಿಲ್ಲ." ಮೂವತ್ತು ಬೊಟ್ಟಿಗೆ ಮೋಸವಿಲ್ಲ. ಕಣ್ಣೀರು ಇನ್ನೂ ಬಂದೇ ಇರಲಿಲ್ಲ, ಬರೆದಾಗಿತ್ತು. ಅಷ್ಟರಲ್ಲಿ ಪದ್ಯ ಮುಗಿದು ಅಜ್ಜಿ ನಿಲ್ಲಿಸಿದರು. ನಾನು ಗಡಬಡಿಸಿ, ಮದುವೆಮನೆಯಲ್ಲಿ ಹೋಳಿಗೆ ಬಡಿಸಲು ಬಂದವರಿಗೆ ಅನ್ನುವ ಹಾಗೆ, ಬಾಯಿ ತುಂಬಾ "ಹೂಂ!" ಅಂದುಬಿಟ್ಟೆ.

ಮಂಟಪದಲ್ಲಿ ಯಾರೋ ಕಿಸಕ್ಕೆಂದರು. ಅಜ್ಜಿ ಪೊರೆಗಣ್ಣು ನನ್ನ ಕಡೆ ತಿರುಗಿಸಿ ಮೆಲ್ಲಗೆ ಹೇಳಿದರು: "ಪಟ್ಟಾಭಿ, ಆನೆ ಸತ್ತುಹೋಯ್ತಪ್ಪಾ."

ಬೈದಿದ್ದರೆ ಚೆನ್ನಾಗಿತ್ತು. ನಲವತ್ತು ವರ್ಷದಲ್ಲಿ ಮೊದಲ ಸಲ ನನ್ನ ಹೂಂ ತಪ್ಪಿತ್ತು. ಕಾವ್ಯದಲ್ಲಿ ಇನ್ನು ಹದಿನೈದು ಸಂಧಿ ಉಳಿದಿದ್ದವು, ದಿನಕ್ಕೊಂದು. ಅವು ಮುಗಿಯುವವರೆಗೆ ಬಳಪ ಮುಟ್ಟುವುದಿಲ್ಲವೆಂದು ಮನಸ್ಸಿನಲ್ಲೇ ನಿಶ್ಚಯಿಸಿ ಮನೆಗೆ ಬಂದೆ.

ಮಾರನೆಯ ದಿನ ತುಂಗಮ್ಮ ಬಾಗಿಲಲ್ಲಿ ನಿಂತು ಕೂಗಿದಳು. "ಏನ್ರೀ, ನಿಮ್ಮ ಹಲಗೆ ಖಾಲಿ ಇದೆ."

"ಇರಲಿ."

"ಇರಲಿ ಅಂದ್ರೆ?"

"ಕಾವ್ಯ ಮುಗಿಯೋವರೆಗೂ ಬರೆಯೋಲ್ಲ ಕಣೇ."

"ಅದಕ್ಕಿನ್ನೂ ಹದಿನೈದು ದಿನ ಇದೆಯಲ್ರೀ. ನಾಲ್ಕನೇ ದಿನಕ್ಕೇ ನೀವು ಸತ್ತಿರ್ತೀರಿ!"

ಅವಳು ಹೇಳಿದ್ದು ನಿಜ. ಮೂರು ದಿನ ಹಲಗೆ ಖಾಲಿ ಬಿದ್ದರೆ ನಾಲ್ಕನೆಯ ಬೆಳಿಗ್ಗೆ ಆ ಮನುಷ್ಯ ತೀರಿಕೊಂಡ ಹಾಗೆ. ಹಲಗೆ ನೋಡುವ ಬೋರಲಿಂಗಯ್ಯ ಬಂದು ಬಿಳಿ ಬಟ್ಟೆ ಮುಚ್ಚುತ್ತಾನೆ. ಹನ್ನೆರಡು ದಿನ ಸೂತಕ. ಹನ್ನೆರಡನೆಯ ದಿನ ಹೊತ್ತು ಮುಳುಗಿದ ಮೇಲೆ ಹಾರೆ ಹಾಕಿ ಹಲಗೆ ಕೀಳುತ್ತಾನೆ. ಒಮ್ಮೆ ಕಿತ್ತರೆ ಅದು ಮತ್ತೆ ಮೂಡುವುದಿಲ್ಲ.

"'ಇದ್ದೇನೆ' ಅಂತ ಬರೆದ್ರೆ ಸಾಕಲ್ರೀ. ಒಂದು ಪದ. ನಿಮ್ಮ ಬಳಪ ಸವೆದುಹೋಗುತ್ತಾ?"

"ಒಂದು ಪದ ಬರೆದ್ರೂ ಎಷ್ಟು ಬೊಟ್ಟು ಬಿತ್ತು ಅಂತ ಹನ್ನೊಂದು ಸಲ ಬಾಗಿಲಿಗೆ ಹೋಗಿ ನೋಡ್ತೀನಿ. ನನ್ನ ನನಗೆ ಗೊತ್ತಿಲ್ವಾ?"

"ನೋಡಿ, ಸತ್ತ ಮೇಲೆ ಅಡುಗೆ ಮಾಡಿ ಹಾಕ್ತೀನಿ ಅಂತ ಮಾತ್ರ ತಿಳ್ಕೋಬೇಡಿ" ಎಂದು ಅವಳು ಒಳಗೆ ಹೋದಳು.

ಮೂರು ಸಂಜೆ ಮಣೆಯ ಮೇಲೆ ಕೂತು ಮೂರು ಸಂಧಿ ಕೇಳಿದೆ. ಒಂದು ಹೂಂ ತಪ್ಪಲಿಲ್ಲ. ನಾಲ್ಕನೆಯ ಬೆಳಿಗ್ಗೆ ಬೋರಲಿಂಗಯ್ಯ ಬಂದ. ನಾನು ಜಗುಲಿಯಲ್ಲೇ ಕೂತು ಒಂದು ಕೊಡೆಗೆ ಕಡ್ಡಿ ಸಿಗಿಸುತ್ತಿದ್ದೆ. ಅವನು ನನ್ನನ್ನು ನೋಡಿದ, ಹಲಗೆ ನೋಡಿದ, ಮತ್ತೆ ನನ್ನನ್ನು ನೋಡಿದ. ಕೊನೆಗೆ ಹಲಗೆಯೇ ಸರಿಯೆಂದು ತೀರ್ಮಾನಿಸಿ, ತಲೆಯ ಮೇಲಿನ ವಸ್ತ್ರ ತೆಗೆದು, "ಒಳ್ಳೇ ಮನುಷ್ಯರು. ಯಾರಿಗೂ ಒಂದು ಮಾತು ಅಂದೋರಲ್ಲ" ಎಂದು ನಿಟ್ಟುಸಿರು ಬಿಟ್ಟು ಬಟ್ಟೆ ಮುಚ್ಚಿದ. ಸೂತಕದ ಮನೆಯೆಂದು ತುಂಗಮ್ಮನ ಹಲಗೆಗೂ ಒಂದು ಬಟ್ಟೆ ಬಿತ್ತು.

ಮಧ್ಯಾಹ್ನದೊಳಗೆ ಬೀದಿಯ ಜನವೆಲ್ಲ ಬಂದು ಹೋದರು. ನಮ್ಮೂರಿನವರಿಗೆ ಮರ್ಯಾದೆ ಹೆಚ್ಚು. ಸತ್ತವರ ಮುಖ ನೋಡಿ ಮಾತಾಡಿ ಅವರಿಗೆ ಮುಜುಗರ ಮಾಡುವುದಿಲ್ಲ. ನಾನೇ ಕಾಫಿ ಲೋಟ ತಂದಿಟ್ಟರೆ, "ಇದ್ದಾಗಲೂ ಹೀಗೇ, ಬಂದೋರಿಗೆ ಕಾಫಿ ಕೊಡದೆ ಕಳಿಸ್ತಿರಲಿಲ್ಲ" ಎಂದು ಕಣ್ಣೊರೆಸಿಕೊಂಡು ಕುಡಿದರು. ಸಕ್ಕರೆ ಕಡಿಮೆಯೆಂದು ಒಬ್ಬರು ತುಂಗಮ್ಮನಿಗೆ ಹೇಳಿದರು. ಅವಳ ತಲೆಯ ಹೂವಿನ ವಿಷಯ ಎತ್ತಿದ ಹೆಂಗಸರೂ ಇದ್ದರು. ತುಂಗಮ್ಮ ಉಪ್ಪಿಟ್ಟಿನ ತಟ್ಟೆ ನನ್ನ ಮುಂದೆ ದಡಕ್ಕನೆ ಇಟ್ಟು, "ಅವರು ಎರಡನೇ ಸಲ ಹಾಕಿಸಿಕೊಳ್ತಿದಾರೆ, ನೋಡಿದ್ರಾ? ಆಮೇಲೆ ಹೂವಿನ ಮಾತು" ಅಂದಳು. ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಹಲಗೆ ಕೀಳುವವರೆಗೆ ಹೂ ಇರಲಿ, ಆಮೇಲೆ ನೋಡೋಣ ಎಂದು ವಾಯಿದೆ ಕೊಟ್ಟು ಹೋದರು.

ಸಂಜೆ ಮಂಟಪಕ್ಕೆ ಹೋದೆ. ನನ್ನ ಮಣೆಯ ಮೇಲೆ ಮುಕುಂದಪ್ಪ ಕೂತಿದ್ದ. "ಹೂಂಗುಡುವ ಭಾಗ್ಯ ಇಂದಿನಿಂದ ನನ್ನದು" ಎಂದು ಬೆಳಿಗ್ಗೆಯೇ ಬರೆದು ಅರವತ್ತೊಂದು ಬೊಟ್ಟು ಗಿಟ್ಟಿಸಿದ್ದನಂತೆ. ನಾನು ಹಿಂದಿನ ಕಂಬಕ್ಕೆ ಒರಗಿ ಕೂತೆ. ಅಜ್ಜಿ ಓದಲು ತೊಡಗಿದರು. ಮುಕುಂದಪ್ಪನಿಗೆ ನಾಳೆಯ ಹಲಗೆಯ ಚಿಂತೆ. ಪದ್ಯ ನಡುವಿನಲ್ಲಿರುವಾಗಲೇ ಒಂದು ಹೂಂ, ಮುಗಿದಾಗ ಇಲ್ಲ. ದೊರೆ ಹಸಿವಿನಿಂದ ಬಿದ್ದರೆ ಯುದ್ಧದ ಹೂಂ. ನಾಲ್ಕು ಪದ್ಯಕ್ಕೆ ಅಜ್ಜಿ ಓದು ನಿಲ್ಲಿಸಿದರು.

"ಯಾರದಪ್ಪಾ ಈ ಹೂಂ?"

"ನಾನು ಮುಕುಂದಪ್ಪ, ಅಜ್ಜೀ. ಪಟ್ಟಾಭಿ ತೀರಿಕೊಂಡ್ರಲ್ಲ."

"ಹೌದಾ! ಯಾವಾಗ?"

"ಇವತ್ತು ಬೆಳಿಗ್ಗೆ."

"ಅಯ್ಯೋ ಪಾಪ. ಈಗೆಲ್ಲಿ ಕೂತಿದಾನೆ?"

"ಅಲ್ಲೇ, ಕಂಬದ ಹಿಂದೆ."

ಅಜ್ಜಿ ಸ್ವಲ್ಪ ಹೊತ್ತು ತಲೆ ಆಡಿಸಿದರು. ಬೊಚ್ಚುಬಾಯಲ್ಲಿ ಏನೋ ಒಂದು ಕಳ್ಳನಗೆ ಸುಳಿದ ಹಾಗಿತ್ತು. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಎದ್ದರು. "ಸಾವಾದ ಮನೇಲಿ ಹನ್ನೆರಡು ದಿನ ಕಾವ್ಯ ಓದಬೇಕು ಅಂತ ಪದ್ಧತಿ ಇದೆಯೋ ಇಲ್ವೋ?"

"ಇದೆ, ಅಜ್ಜೀ. ಆದ್ರೆ..."

"ಸತ್ತವರ ಆತ್ಮ ಎದುರಿಗೇ ಕೂತು ಕೇಳುತ್ತೆ ಅಂತ ನಂಬಿಕೆ ಇದೆಯೋ ಇಲ್ವೋ?"

"ಇದೆ."

"ಹಾಗಾದ್ರೆ ಆ ಮಣೆ ಎತ್ಕೊಂಡು ನಡಿ ಅವರ ಮನೆಗೆ. ಉಳಿದಿರೋದೂ ಹನ್ನೆರಡೇ ಸಂಧಿ."

ಹೀಗೆ ನನ್ನ ಮಣೆಯನ್ನು ಮುಕುಂದಪ್ಪನೇ ಹೊತ್ತು ತಂದು ನಮ್ಮ ನಡುಮನೆಯಲ್ಲಿ ಹಾಕಿದ. ಅಜ್ಜಿ ಆ ದಿನದ ಸಂಧಿಯನ್ನು ಮೊದಲಿನಿಂದ ಎತ್ತಿಕೊಂಡರು. ನಾನು ಎದುರಿಗೆ ಕೂತು ಮೂಗಿನಲ್ಲೇ ಒಂದು ಹೂಂ ಬಿಟ್ಟೆ. "ಆತ್ಮಕ್ಕೆ ತೃಪ್ತಿಯಾದ ಹಾಗಿದೆ" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಸೂತಕದ ಮನೆಯ ಓದಿಗೆ ಬೀದಿಯವರೆಲ್ಲ ಬರಲೇಬೇಕು. ಬಳಪ, ಅರಿಸಿನದ ಡಬ್ಬಿ ಎರಡನ್ನೂ ಹೊಸ್ತಿಲಾಚೆ ಮೊರದಲ್ಲಿಟ್ಟು ಒಳಗೆ ಬರಬೇಕು. ಮಂಗಳ ಹಾಡುವವರೆಗೆ ಏಳುವಂತಿಲ್ಲ. ಮೊದಮೊದಲು ಜನ ಹೆಬ್ಬೆರಳನ್ನು ತೊಡೆಗೆ ಉಜ್ಜಿಕೊಳ್ಳುತ್ತಾ, ಬಾಗಿಲ ಕಡೆ ಕತ್ತು ತಿರುಗಿಸುತ್ತಾ ಚಡಪಡಿಸಿದರು. ಮೂರನೆಯ ದಿನ ಒಬ್ಬರು ಆಕಳಿಸಿದರು, ನಾಲ್ಕನೆಯ ದಿನ ಅವರೇ "ಆಮೇಲೆ?" ಎಂದು ಬಾಯಿಬಿಟ್ಟು ಕೇಳಿ ನಾಲಿಗೆ ಕಚ್ಚಿಕೊಂಡರು. ಆರನೆಯ ದಿನ ಮುಕುಂದಪ್ಪ ತನ್ನ ಬಳಪವನ್ನು ಮೊರದಲ್ಲೇ ಮರೆತು ಹೋದ.

ಹಗಲಿನಲ್ಲಿ ನನ್ನ ಪಾಡೇನೂ ಕೆಟ್ಟದಿರಲಿಲ್ಲ. ಜನ ಮುರಿದ ಕೊಡೆ ತಂದು ನನ್ನ ಮುಂದಿಟ್ಟು, "ಅವರಿದ್ದಿದ್ರೆ ಎರಡು ದಿನದಲ್ಲಿ ಸರಿಮಾಡಿ ಕೊಡ್ತಿದ್ರು. ಹಿಡಿ ಸ್ವಲ್ಪ ಸಡಿಲ ಇದೆ" ಎಂದು ಗೋಡೆಗೆ ಹೇಳಿ ಹೋಗುತ್ತಿದ್ದರು. ಎರಡು ದಿನ ಬಿಟ್ಟು ಬಂದು ಬಿಚ್ಚಿ ನೋಡಿ, "ಪುಣ್ಯಾತ್ಮರ ಮನೆ, ಇಲ್ಲಿಟ್ಟರೆ ತಾನೇ ಸರಿಹೋಗುತ್ತೆ" ಎಂದು ದುಡ್ಡನ್ನು ದೇವರ ಮುಂದಿಟ್ಟು ನಡೆಯುತ್ತಿದ್ದರು. ಬದುಕಿದ್ದಾಗ ಅವರಲ್ಲಿ ಅರ್ಧ ಜನ ಚೌಕಾಸಿ ಮಾಡುತ್ತಿದ್ದರು.

ತುಂಗಮ್ಮನಿಗೇ ಕಷ್ಟವಾಗಿತ್ತು. ಐವತ್ತು ಬೊಟ್ಟಿನ ಹೆಂಗಸು, ಕೈಗೆ ಕೆಲಸವಿಲ್ಲ. ಸಾರು ಕುದಿಯುವಾಗ ಅವಳ ತುಟಿ ಆಡುತ್ತಿತ್ತು, ಎರಡು ಸಾಲು ಸಿದ್ಧವಾಗುತ್ತಿದೆಯೆಂದು ನನಗೆ ಗೊತ್ತಾಗುತ್ತಿತ್ತು. ಆಮೇಲೆ ಬಾಗಿಲ ಕಡೆ ನೋಡಿ ಸುಮ್ಮನಾಗುತ್ತಿದ್ದಳು. ಏಳನೆಯ ದಿನ ಮಧ್ಯಾಹ್ನ ಅವಳು ಅವರೆಕಾಳು ಸುಲಿಯುತ್ತಿದ್ದಳು, ನಾನು ಎದುರಿಗೆ ಕೂತು ಹಿತುಕುತ್ತಿದ್ದೆ. ಇದ್ದಕ್ಕಿದ್ದಂತೆ ಹೇಳತೊಡಗಿದಳು.

"ನಾನು ಹನ್ನೆರಡು ವರ್ಷದೋಳು. ನಮ್ಮಮ್ಮ ಹೊಡೀತಾಳೆ ಅಂತ ಹುಣಸೇಮರ ಹತ್ತಿ ಕೂತುಬಿಟ್ಟಿದ್ದೆ."

"ಹೂಂ" ಅಂದೆ.

"ಎಷ್ಟು ಮೇಲೆ ಅಂದ್ರೆ, ಕೆರೆ ಆಚೆ ದಡ ಕಾಣ್ತಿತ್ತು. ಕೆಳಗೆ ಎಲ್ಲರೂ ತುಂಗಾ, ತುಂಗಾ ಅಂತ ಕೂಗ್ತಾ ಓಡಾಡ್ತಿದಾರೆ. ಬಾವಿಗೆ ಪಾತಾಳಗರಡಿ ಬಿಟ್ಟು ಹುಡುಕಿದ್ರು. ನಾನು ಓ ಅನ್ನಲೇ ಇಲ್ಲ."

"ಹೂಂ" ಅಂದೆ. ಈ ಹೂಂ ಬೇರೆ.

"ಭಯಕ್ಕಲ್ಲ. ಅಲ್ಲಿಂದ ಎಲ್ಲಾ ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂತೀರಿ! ಒಂದು ಸಲ ಓ ಅಂದ್ರೆ ಇಳೀಬೇಕಾಗುತ್ತಲ್ಲ."

"ಆಮೇಲೆ ಹೇಗೆ ಇಳಿದೆ?"

ಅವಳ ಕೈ ನಿಂತಿತು. ನನ್ನನ್ನು ಹೊಸಬನನ್ನು ನೋಡುವ ಹಾಗೆ ನೋಡಿದಳು. "ಈ ಕಥೆ ನಿಮಗೆ ಎಷ್ಟು ಸಲ ಹೇಳಿದೀನಿ ಗೊತ್ತೇನ್ರೀ?"

ನನಗೆ ಗೊತ್ತಿರಲಿಲ್ಲ.

"ಮದುವೆಯಾದಾಗಿನಿಂದ ಇಪ್ಪತ್ತು ಸಲ ಹೇಳಿರಬೇಕು. ಊರಿನ ಅಜ್ಜಿಗೆಲ್ಲ ಹೂಂ ಅಂತೀರಿ. ನಾನು ಹೇಳುವಾಗ ನಿಮ್ಮ ಕಣ್ಣು ಬಾಗಿಲಲ್ಲಿರ್ತಿತ್ತು. ಹೇಗೆ ಇಳಿದೆ ಅಂತ ಕೇಳಿದ್ದು ಇವತ್ತೇ."

"ಹೇಗೆ ಇಳಿದೆ, ಹೇಳೇ."

"ಕೂಗೋದು ನಿಲ್ಲಿಸಿದ ಮೇಲೆ ನಾನೇ ಇಳಿದೆ. ಇನ್ಯಾರು ಇಳಿಸ್ತಾರೆ?" ಎಂದು ಒಂದು ಅವರೆಸಿಪ್ಪೆ ನನ್ನ ಮೇಲೆ ಎಸೆದಳು. ಅವತ್ತಿನಿಂದ ಮಧ್ಯಾಹ್ನಕ್ಕೊಂದು ಕಥೆ. ಸಾರು ಕುದಿಯುವಾಗ ಅವಳ ತುಟಿ ಆಡುವುದು ನಿಂತಿತು.

ಹನ್ನೆರಡನೆಯ ದಿನ ಬಂತು. ಅಂದು ಬೆಳಿಗ್ಗೆ ಪಕ್ಕದ ಮನೆಯಿಂದ ಪ್ರಶ್ನೆ ಕೇಳಿಸಲಿಲ್ಲ. ಇಣುಕಿ ನೋಡಿದರೆ ಮುಕುಂದಪ್ಪ "ಇದ್ದೇನೆ" ಎಂದಷ್ಟೇ ಬರೆದು, ಬಾಗಿಲಲ್ಲಿ ಕೂತು ಬಿಸಿ ದೋಸೆ ತಿನ್ನುತ್ತಿದ್ದ.

ಕೊನೆಯ ಸಂಧಿಗೆ ನಡುಮನೆ ತುಂಬಿ ಜನ ಜಗುಲಿಗೂ ಚೆಲ್ಲಿದ್ದರು. ದೊರೆ ಊರಿಗೆ ಹಿಂತಿರುಗುತ್ತಾನೆ. ಕಾವಲಿನವನಿಗೆ ಗುರುತು ಸಿಗುವುದಿಲ್ಲ. ದೊರೆ ತಾನು ಯಾರೆಂದು ಹೇಳುವುದಿಲ್ಲ. ಛತ್ರದ ಸಾಲಿನಲ್ಲಿ ಎಲ್ಲರ ಜೊತೆ ಎಲೆ ಹಾಕಿಸಿಕೊಂಡು ಉಂಡು, ಎಲೆ ಮಡಿಸುತ್ತಾನೆ. ಅಷ್ಟೇ. ಅಜ್ಜಿ ನಿಲ್ಲಿಸಿದರು. ಅವರ ಪೊರೆಗಣ್ಣಿನಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಅದನ್ನು ಎಲ್ಲಿ ಬರೆಯಲಿ ಎನ್ನುವ ಯೋಚನೆ ಬರಲಿಲ್ಲ. ನಮ್ಮಪ್ಪ ಕಲಿಸಿದ ಕೊನೆಯ ಹೂಂ ಒಂದಿದೆ. ಅದು ಉಸಿರು ಮುಗಿಯುವವರೆಗೆ ಹೋಗಬೇಕು. ಅದನ್ನು ಬಿಟ್ಟೆ. "ಹ್ಞಾ, ಈಗ ಸರಿಯಾಯ್ತು" ಅಂದರು ಅಜ್ಜಿ.

ಮಂಗಳ ಮುಗಿದು ಎಲ್ಲರೂ ಹೊರಗೆ ಬಂದರು. ಬೋರಲಿಂಗಯ್ಯ ಹಾರೆ ಊರಿಕೊಂಡು ನಿಂತಿದ್ದ. ಹೊತ್ತು ಮುಳುಗಲು ಒಂದು ಮಾರು ಬಾಕಿಯಿತ್ತು. ಅವನು ಹಾರೆಯನ್ನು ಗೋಡೆಗೆ ಆನಿಸಿ, ತುಂಗಮ್ಮನ ಹತ್ತಿರ ಬಂದು ಧ್ವನಿ ತಗ್ಗಿಸಿದ.

"ತುಂಗಮ್ಮನೋರೆ, ಒಂದು ದಾರಿ ಇದೆ. ಹೊತ್ತು ಮುಳುಗೋದರೊಳಗೆ ಹೆಂಡತಿ ಗಂಡನ ಹಲಗೆ ಮೇಲೆ 'ಇದ್ದಾರೆ' ಅಂತ ಬರೆದ್ರೆ, ಇದ್ದಾರೆ ಅಂತಲೇ ಲೆಕ್ಕ. ಮೂರೇ ಅಕ್ಷರ. ನಾನು ಹಾರೆ ಎತ್ಕೊಂಡು ಹೋಗ್ತೀನಿ."

"ಬರೀರಿ, ತುಂಗಮ್ಮಾ" ಅಂದರು ಹೂವಿನ ಮಾತೆತ್ತಿದ್ದ ಹೆಂಗಸರು. "ನಮಗೂ ಆ ಮಾತು ಎತ್ತೋ ಪಾಪ ತಪ್ಪುತ್ತೆ."

"ಬರೀರಿ ಅತ್ತಿಗೆ" ಎಂದು ಮುಕುಂದಪ್ಪ ಮೊರದಿಂದ ತನ್ನ ಬಳಪ ಹುಡುಕಿ ಕೊಟ್ಟ. ಬೀದಿಯ ಜನ ಆಗಲೇ ಹೆಬ್ಬೆರಳಿಗೆ ಅರಿಸಿನ ಹಚ್ಚಿಕೊಂಡು ಸಾಲು ನಿಂತಿದ್ದರು. ಊರು ಕಂಡ ಮಟ್ಟಿಗೆ ಅಷ್ಟು ಬೊಟ್ಟು ಯಾವ ಹಲಗೆಗೂ ಬಿದ್ದಿರಲಿಕ್ಕಿಲ್ಲ.

ತುಂಗಮ್ಮ ಬಳಪ ಹಿಡಿದು ಹಲಗೆಯ ಮುಂದೆ ನಿಂತಳು. ಬಟ್ಟೆ ಸರಿಸಿದಳು. ಮೂರು ಅಕ್ಷರ ಬಿದ್ದರೆ ನಾಳೆ ಬೆಳಿಗ್ಗೆ ನಾನು ಕೊಡೆ ರಿಪೇರಿಯ ಪಟ್ಟಾಭಿ, ಎದ್ದ ಕೂಡಲೇ ಬಾಗಿಲಿಗೆ ಓಡುವವನು. ಬೀಳದಿದ್ದರೆ ಬದುಕಿರುವ ತನಕ ಸತ್ತವನು, ಅವಳು ಸತ್ತವನ ಹೆಂಡತಿ. ಸತ್ತವರು ಬಾಯಿ ಹಾಕುವ ಹಾಗಿಲ್ಲವಾದ್ದರಿಂದ ನಾನು ಸುಮ್ಮನೆ ನಿಂತಿದ್ದೆ. ಅವಳು ತಿರುಗಿ ನನ್ನ ಕಣ್ಣೆಲ್ಲಿದೆಯೆಂದು ನೋಡಿದಳು. ನನ್ನ ಕಣ್ಣು ಹಲಗೆಯ ಮೇಲಿರಲಿಲ್ಲ, ಅವಳ ಮೇಲಿತ್ತು.

"ಬರೆದ್ರೆ ನಾಳೇನೂ ಬರೀಬೇಕಲ್ಲ, ಬೋರಲಿಂಗಯ್ಯ?" ಎಂದು ಕೇಳಿದಳು.

"ದಿನಾ ಬರೀಬೇಕಮ್ಮ. ಅದು ಇದ್ದದ್ದೇ."

"ಅವರು ಇದಾರೆ ಅಂತ ನಂಗೆ ಗೊತ್ತು. ಇನ್ಯಾರಿಗೆ ಗೊತ್ತಾಗ್ಬೇಕು?"

"ಊರಿಗೆ, ತಾಯೀ. ಹೊತ್ತು ಮುಳುಗ್ತಿದೆ. ಕೈ ಮುಗೀತೀನಿ, ಬರೆದುಬಿಡಿ."

ತುಂಗಮ್ಮ ತಲೆಯ ಹೂವನ್ನು ಒಂದು ಸಲ ಮುಟ್ಟಿ ಸರಿಮಾಡಿಕೊಂಡಳು. ಬಳಪವನ್ನು ಮುಕುಂದಪ್ಪನ ಜೇಬಿಗೆ ಹಾಕಿದಳು.

"ಬರೆಯೋಲ್ಲ" ಅಂದಳು.